ಎಂ.2 ಎಸ್‌ಎಸ್‌ಡಿ ಕೈಯಲ್ಲಿದೆ, ಮದರ್‌ಬೋರ್ಡಿನಲ್ಲಿ ಅದರ ಸ್ಲಾಟ್ ಇಲ್ಲ: ಯಾವ ಅಡಾಪ್ಟರ್ ಕೊಳ್ಳಬೇಕು, ವಿಂಡೋಸ್ ಬೂಟ್ ಆಗುವುದೇ?

ಬಿ.ಎಚ್. ರಸ್ತೆ ಡಿಟಿಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಚಿಕ್ಕದೊಂದು ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್ ವಿನ್ಯಾಸ ಮತ್ತು ಮದುವೆ ಆಲ್ಬಂ ಪುಟಗಳು ನಮ್ಮ ಮುಖ್ಯ ಕೆಲಸ. ಬಳಸುತ್ತಿರುವ ಕಂಪ್ಯೂಟರಿನಲ್ಲಿ ಇಂಟೆಲ್ 4ನೇ ತಲೆಮಾರಿನ ಐ3 ಪ್ರೊಸೆಸರ್, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಮತ್ತು 500 ಜಿಬಿಯ ಹಳೆಯ ಹಾರ್ಡ್‌ಡಿಸ್ಕ್ ಇವೆ. ವಿಂಡೋಸ್ 10 ಹಾಕಿದ್ದೇವೆ. ನುಡಿಯಲ್ಲಿ ಟೈಪ್ ಮಾಡುವವರೆಗೆ ಯಾವ ತೊಂದರೆಯೂ ಇಲ್ಲ. ಆದರೆ ಫೋಟೋಶಾಪ್‌ನಲ್ಲಿ ಹತ್ತಾರು ಲೇಯರ್‌ಗಳಿರುವ ಆಲ್ಬಂ ಪುಟವನ್ನು ತೆರೆದರೆ ಹಾರ್ಡ್‌ಡಿಸ್ಕಿನ ದೀಪ ಆರುವುದೇ ಇಲ್ಲ, ಗಿರಾಕಿಗಳು ಎದುರಿಗೇ ಕುಳಿತು ಕಾಯುತ್ತಿರುತ್ತಾರೆ.

ನನ್ನ ಅಕ್ಕನ ಮಗ ತನ್ನ ಲ್ಯಾಪ್‌ಟಾಪಿಗೆ 1 ಟಿಬಿಯ ಎಸ್‌ಎಸ್‌ಡಿ ಹಾಕಿಸಿಕೊಂಡು, ಅದರಲ್ಲಿದ್ದ 500 ಜಿಬಿಯದನ್ನು ನನಗೆ ಕೊಟ್ಟಿದ್ದಾನೆ. ಅದು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಪಟ್ಟಿ. ಲೇಬಲ್ ಮೇಲೆ ಎಂ.2 2280, ಎನ್‌ವಿಎಂಇ, ಪಿಸಿಐಇ ಜೆನ್ 3 ×4 ಎಂದು ಬರೆದಿದೆ. ಚಿನ್ನದ ಬಣ್ಣದ ತುದಿಯಲ್ಲಿ ಒಂದೇ ಒಂದು ಕಚ್ಚು ಇದೆ. ನನ್ನ ಬೋರ್ಡಿನಲ್ಲಿ ಇಂಥ ಪಟ್ಟಿ ಕೂರುವ ಜಾಗವೇ ಇಲ್ಲ. ಇರುವುದು ನಾಲ್ಕು ಸಾಟಾ ಕನೆಕ್ಟರ್, ಒಂದು ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್, ಎರಡು ಗಿಡ್ಡನೆಯವು. ಮೂರೂ ಸ್ಲಾಟ್‌ಗಳು ಖಾಲಿ. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಮಾನಿಟರನ್ನು ಬೋರ್ಡಿಗೇ ನೇರವಾಗಿ ಜೋಡಿಸಿದ್ದೇವೆ.

ಊರಿನಲ್ಲಿ ವಿಚಾರಿಸಿದಾಗ ಒಬ್ಬರು, ಪಟ್ಟಿಯನ್ನು ಒಳಗಿಟ್ಟು ಸಾಟಾ ಕೇಬಲ್ ಚುಚ್ಚಬಹುದಾದ 2.5 ಅಂಗುಲದ ಕೇಸ್ ಸಿಗುತ್ತದೆ, ಅದೇ ಸಾಕು ಎಂದರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನು ತರುವ ಇನ್ನೊಬ್ಬರು, ಅದಲ್ಲ, ಉದ್ದನೆಯ ಸ್ಲಾಟಿಗೆ ಹಾಕುವ ಕಾರ್ಡ್ ಬೇಕು ಎಂದರು. ಇಷ್ಟು ಹಳೆಯ ಬೋರ್ಡ್ ಎನ್‌ವಿಎಂಇಯನ್ನು ಗುರುತಿಸುವುದೇ ಇಲ್ಲ, ಹಣ ದಂಡ ಎಂದವರೂ ಇದ್ದಾರೆ. ಈ ಮೂವರಲ್ಲಿ ಯಾರ ಮಾತನ್ನು ನಂಬಬೇಕು? ಕಾರ್ಡ್ ಹಾಕಿದರೆ ವಿಂಡೋಸ್ ಅದರಿಂದಲೇ ಶುರುವಾಗುವುದೇ, ಮತ್ತು ಹೊಂದದ ಜಾಗಕ್ಕೆ ಹಾಕಿದರೆ ಬೋರ್ಡಿಗೋ ಎಸ್‌ಎಸ್‌ಡಿಗೋ ಅಪಾಯವಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಗುಬ್ಬಿ ಗೇಟ್ ಸರ್ವಿಸ್

ನಮಸ್ಕಾರ ಸರ್. ಎರಡನೆಯವರು ಹೇಳಿದ್ದು ಸರಿ, ಮೂರನೆಯವರು ಹೇಳಿದ್ದು ಅರ್ಧ ಸರಿ, ಮೊದಲನೆಯವರ ಕೇಸ್ ನಿಮ್ಮ ಎಸ್‌ಎಸ್‌ಡಿಗೆ ಆಗಿಬರುವುದಿಲ್ಲ.

ಎಂ.2 ಎಂಬುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ, ಒಳಗೆ ಹರಿಯುವ ಸಂಕೇತದ ಹೆಸರೂ ಅಲ್ಲ. ಒಂದೇ ಆಕಾರದ ಪಟ್ಟಿಯಲ್ಲಿ ಎರಡು ಜಾತಿಗಳಿವೆ: ಒಂದು ಹಳೆಯ ಸಾಟಾ ತಂತಿಗಳ ಮೇಲೆ ಮಾತನಾಡುತ್ತದೆ, ಇನ್ನೊಂದು ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳ (ದತ್ತಾಂಶ ಹರಿಯುವ ದಾರಿಗಳ) ಮೇಲೆ ಎನ್‌ವಿಎಂಇ ಪದ್ಧತಿಯಲ್ಲಿ ಮಾತನಾಡುತ್ತದೆ. ನಿಮ್ಮದು ಎರಡನೆಯ ಜಾತಿ. ನಿಮಗೆ ತೋರಿಸಿದ ಸಾಟಾ ಕೇಸಿನೊಳಗೆ ಒಂದು ಸಂಕೇತವನ್ನು ಇನ್ನೊಂದಕ್ಕೆ ಬದಲಿಸುವ ಚಿಪ್ ಇರುವುದಿಲ್ಲ. ಈ ಕಡೆಯ ಪಿನ್ನುಗಳನ್ನು ಆ ಕಡೆಯ ಪಿನ್ನುಗಳಿಗೆ ಸೇರಿಸಿರುತ್ತಾರೆ, ಅಷ್ಟೇ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸುವ ಬಿರಡೆ ವೋಲ್ಟೇಜನ್ನು ಹೇಗೆ ಬದಲಿಸಲಾರದೋ, ಈ ಕೇಸೂ ಹಾಗೆಯೇ. ಎಂ.2 ಆಕಾರದ ಸಾಟಾ ಎಸ್‌ಎಸ್‌ಡಿ ಇದ್ದವರಿಗೆ ಅದು ಒಳ್ಳೆಯ ವಸ್ತು, ಎನ್‌ವಿಎಂಇ ಇದ್ದವರಿಗೆ ಖಾಲಿ ಡಬ್ಬಿ.

ಕಚ್ಚಿನ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡುವಾಗ ಅದೇ ಕಣ್ಣಿಗೆ ಬೀಳುವುದು. ಕಚ್ಚಿನ ಗಿಡ್ಡ ಬದಿಯಲ್ಲಿ, ಒಂದು ಮುಖದ ಮೇಲೆ 5 ಪಿನ್ನುಗಳು ಉಳಿದಿದ್ದರೆ ಅದು ಎಂ ಕೀ. ಎದುರು ತುದಿಯ ಕಡೆ 6 ಪಿನ್ನುಗಳನ್ನು ಬಿಟ್ಟು ಕಚ್ಚಿದ್ದರೆ ಬಿ ಕೀ. ಎರಡೂ ಕಡೆ ಕಚ್ಚಿದ್ದರೆ ಬಿ ಮತ್ತು ಎಂ ಎರಡೂ ಸಾಕೆಟ್ಟಿನಲ್ಲಿ ಕೂರುವಂಥದ್ದು. ಎಂ ಕೀಯಲ್ಲಿ ನಾಲ್ಕು ಲೇನ್‌ಗಳವರೆಗೆ ಹಾಯಬಹುದು, ಬಿ ಕೀಯಲ್ಲಿ ಎರಡೇ. ನಿಮ್ಮ ಪಟ್ಟಿಯಲ್ಲಿ ಒಂದೇ ಕಚ್ಚು ಇದ್ದು ಲೇಬಲ್ ಮೇಲೆ ×4 ಎಂದಿರುವುದರಿಂದ ಅದು ಎಂ ಕೀ ಎಂಬುದರಲ್ಲಿ ಅನುಮಾನವಿಲ್ಲ. ಎರಡು ಕಚ್ಚುಗಳ ಪಟ್ಟಿಗಳ ವಿಷಯದಲ್ಲಿ ಮಾತ್ರ ಕಚ್ಚನ್ನು ನೋಡಿ ತೀರ್ಮಾನಿಸಬಾರದು. ಅವುಗಳಲ್ಲಿ ಹೆಚ್ಚಿನವು ಸಾಟಾ ಆಗಿದ್ದರೂ, ಇಂಟೆಲ್‌ನ 16 ಜಿಬಿ ಆಪ್ಟೇನ್ ಪಟ್ಟಿಯಂಥ ಎರಡು ಲೇನ್‌ಗಳ ಎನ್‌ವಿಎಂಇಗಳೂ ಅದೇ ರೂಪದಲ್ಲಿ ಬಂದಿವೆ. ಲೇಬಲ್ ಓದುವುದೇ ಸುರಕ್ಷಿತ.

ನಿಮಗೆ ಬೇಕಾದದ್ದು ಪಿಸಿಐ ಎಕ್ಸ್‌ಪ್ರೆಸ್ ×4 ನಿಂದ ಎಂ.2 ಎಂ ಕೀಗೆ ಹೊಂದಿಸುವ ಅಡಾಪ್ಟರ್ ಕಾರ್ಡ್. ಇದರಲ್ಲೂ ಚಿಪ್ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ: ಸ್ಲಾಟಿನಲ್ಲಿ ಬರುವುದು ಪಿಸಿಐ ಎಕ್ಸ್‌ಪ್ರೆಸ್, ಎಸ್‌ಎಸ್‌ಡಿಗೆ ಬೇಕಿರುವುದೂ ಅದೇ. ಆದ್ದರಿಂದಲೇ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದಕ್ಕೆ ಪ್ರತ್ಯೇಕ ಡ್ರೈವರೂ ಬೇಡ. ಕೊಳ್ಳುವಾಗ ಒಂದು ಎಚ್ಚರಿಕೆ ವಹಿಸಿ. ಎರಡು ಸಾಕೆಟ್ಟುಗಳ ಕಾರ್ಡುಗಳು ಬರುತ್ತವೆ, ಅವುಗಳ ಅಂಚಿನಲ್ಲಿ ಒಂದು ಸಾಟಾ ಕನೆಕ್ಟರ್ ಕೂಡ ಇರುತ್ತದೆ. ಅದರ ಎಂ ಕೀ ಸಾಕೆಟ್ ಮಾತ್ರ ಸ್ಲಾಟಿನ ಲೇನ್‌ಗಳಿಗೆ ಸೇರಿರುತ್ತದೆ. ಬಿ ಕೀ ಸಾಕೆಟ್ ಸ್ಲಾಟಿನಿಂದ ವಿದ್ಯುತ್ತನ್ನಷ್ಟೇ ಪಡೆದು, ದತ್ತಾಂಶಕ್ಕೆ ಬೋರ್ಡಿನಿಂದ ಪ್ರತ್ಯೇಕ ಸಾಟಾ ಕೇಬಲ್ ಬೇಡುತ್ತದೆ. ಎರಡು ಅಥವಾ ನಾಲ್ಕು ಎನ್‌ವಿಎಂಇಗಳನ್ನು ಒಂದೇ ಕಾರ್ಡಿನಲ್ಲಿ ಕೂರಿಸುವ ದೊಡ್ಡ ಕಾರ್ಡುಗಳ ತಂಟೆಗೆ ಹೋಗಬೇಡಿ. ಉದ್ದನೆಯ ಸ್ಲಾಟಿನ ಲೇನ್‌ಗಳನ್ನು ನಾಲ್ಕು ನಾಲ್ಕಾಗಿ ಹಂಚುವ ಸೌಲಭ್ಯ ಬೋರ್ಡಿನಲ್ಲೇ ಇದ್ದರೆ ಮಾತ್ರ ಅವು ಪೂರ್ತಿಯಾಗಿ ಕೆಲಸ ಮಾಡುತ್ತವೆ, ಎಚ್81ರಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಯಾವ ಸ್ಲಾಟ್ ಎಂಬುದು ಮುಖ್ಯ. ಉದ್ದನೆಯ ×16 ಸ್ಲಾಟಿಗೇ ಹಾಕಿ. ×4 ಕಾರ್ಡ್ ಅದರಲ್ಲಿ ಕೂತು ಉಳಿದ ಭಾಗ ಖಾಲಿ ಬಿದ್ದಿರುತ್ತದೆ, ಅದರಿಂದ ತೊಂದರೆಯಿಲ್ಲ. ಎಚ್81 ಬೋರ್ಡುಗಳಲ್ಲಿ ಈ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 2.0ಕ್ಕೆ ಸೀಮಿತ. ಒಂದು ಲೇನಿಗೆ ಸೆಕೆಂಡಿಗೆ 500 ಎಂಬಿಯಂತೆ ನಾಲ್ಕು ಲೇನ್‌ಗಳಿಗೆ 2000 ಎಂಬಿ ಆಗುತ್ತದೆ, ಕೈಗೆ ಸಿಗುವುದು ಸುಮಾರು 1600. ನಿಮ್ಮ ಎಸ್‌ಎಸ್‌ಡಿ 3.0ರದ್ದಾದ್ದರಿಂದ ಅದರ ಪೂರ್ಣ ವೇಗ ಬಾರದು, ಆದರೂ ಸಾಟಾ ಕೊಡಬಹುದಾದ ಸುಮಾರು 550ಕ್ಕಿಂತ ಇದು ಬಹಳ ಮೇಲು. ಗಿಡ್ಡನೆಯ ×1 ಸ್ಲಾಟಿಗೂ ಕಾರ್ಡುಗಳು ಸಿಗುತ್ತವೆ. ಅದರಲ್ಲಿ ಒಂದೇ ಲೇನ್ ಇರುವುದರಿಂದ ಸುಮಾರು 400 ಎಂಬಿ ಮಾತ್ರ, ಅಂದರೆ ದೊಡ್ಡ ಕಡತಗಳ ಮಟ್ಟಿಗೆ ಮಾಮೂಲಿ ಸಾಟಾ ಎಸ್‌ಎಸ್‌ಡಿಗಿಂತಲೂ ಕಡಿಮೆ.

ಅಪಾಯದ ಬಗ್ಗೆ ಕೇಳಿದ್ದೀರಿ. ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿದು, ಆಮೇಲೆ ಕೈ ಹಾಕಿದರೆ ಅಪಾಯವೇನೂ ಇಲ್ಲ. ಪಟ್ಟಿಯನ್ನು ಓರೆಯಾಗಿ ಸಾಕೆಟ್ಟಿಗೆ ತೂರಿಸಿ, ಕೆಳಗೆ ಒತ್ತಿ, 80 ಎಂದು ಗುರುತು ಮಾಡಿರುವ ತೂತಿನಲ್ಲಿ ಸ್ಕ್ರೂ ಹಾಕಬೇಕು. ಸ್ಕ್ರೂ ಮತ್ತು ಅದರ ಕೆಳಗಿನ ಹಿತ್ತಾಳೆಯ ಕಂಬ ಪೊಟ್ಟಣದಲ್ಲಿವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ, ಬಿಡಿಯಾಗಿ ಹುಡುಕುವುದು ರಗಳೆ. ಕೀ ಹೊಂದದಿದ್ದರೆ ಪಟ್ಟಿ ಒಳಗೆ ಹೋಗುವುದೇ ಇಲ್ಲ. ಅಂಥಲ್ಲಿ ಬಲ ಪ್ರಯೋಗಿಸಿದಾಗ ಮಾತ್ರ ಸಾಮಾನು ಹಾಳಾಗುತ್ತದೆ.

ತಿಪಟೂರು ಲ್ಯಾಬ್

ಮೇಲಿನವರು ಜೋಡಣೆಯ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ. ಬೂಟ್ ಆಗುವುದೇ ಎಂಬ ಪ್ರಶ್ನೆ ಬೇರೆಯದು, ಮೂರನೆಯವರ ಮಾತಿನಲ್ಲಿ ಅರ್ಧ ಸತ್ಯವಿರುವುದು ಅಲ್ಲಿಯೇ. ಅದನ್ನು ಹೇಳುವ ಮೊದಲು ಎರಡು ಮಾಹಿತಿ ಬೇಕು. ನಿಮ್ಮ ವಿಂಡೋಸ್ ಈಗ ಲೆಗಸಿ ಎಂಬ ಹಳೆಯ ರೀತಿಯಲ್ಲಿ ಬೂಟ್ ಆಗುತ್ತಿದೆಯೇ, ಯುಇಎಫ್‌ಐ ಎಂಬ ಹೊಸ ರೀತಿಯಲ್ಲಿಯೇ? ಸಿಸ್ಟಂ ಇನ್ಫರ್ಮೇಷನ್ ತೆರೆದರೆ ಬಯಾಸ್ ಮೋಡ್ ಎಂಬ ಸಾಲಿನಲ್ಲಿ ಸಿಗುತ್ತದೆ. ಹಾಗೆಯೇ ಬೋರ್ಡ್ ತಯಾರಕರ ಜಾಲತಾಣದಲ್ಲಿ ನಿಮ್ಮದೇ ಮಾದರಿಯ ಕೊನೆಯ ಬಯಾಸ್ ಆವೃತ್ತಿಯ ಟಿಪ್ಪಣಿಯಲ್ಲಿ ಎನ್‌ವಿಎಂಇ ಎಂಬ ಉಲ್ಲೇಖವಿದೆಯೇ ಎಂದು ನೋಡಿ ಹೇಳಿ.

ಬಿ.ಎಚ್. ರಸ್ತೆ ಡಿಟಿಪಿ

ಇಬ್ಬರಿಗೂ ಧನ್ಯವಾದಗಳು. ಬಯಾಸ್ ಮೋಡ್ ಎದುರು ಲೆಗಸಿ ಎಂದಿದೆ. ತಯಾರಕರ ಪುಟದಲ್ಲಿ ಕೊನೆಯ ಆವೃತ್ತಿಯವರೆಗೂ ಓದಿದೆ, ಎನ್‌ವಿಎಂಇಯ ಸುದ್ದಿಯೇ ಇಲ್ಲ. ಹಾಗಾದರೆ ಕಾರ್ಡ್ ಹಾಕಿಯೂ ಪ್ರಯೋಜನವಿಲ್ಲವೇ? ಬೋರ್ಡಿಗೆ ಕಾಣದ ಡಿಸ್ಕ್ ವಿಂಡೋಸ್‌ಗೆ ಹೇಗೆ ಕಾಣುತ್ತದೆ ಎಂಬುದು ನನಗೆ ಅರ್ಥವಾಗುತ್ತಿಲ್ಲ.

ತಿಪಟೂರು ಲ್ಯಾಬ್

ಪ್ರಯೋಜನವಿದೆ, ಆದರೆ ಎಲ್ಲದಕ್ಕೂ ಅಲ್ಲ.

ಪವರ್ ಒತ್ತಿದ ಕೂಡಲೇ ಕೆಲಸ ಆರಂಭಿಸುವುದು ಬೋರ್ಡಿನ ಚಿಪ್‌ನಲ್ಲಿರುವ ಬಯಾಸ್. ವಿಂಡೋಸ್ ಇನ್ನೂ ಎದ್ದಿರುವುದಿಲ್ಲವಾದ್ದರಿಂದ ಡಿಸ್ಕಿನಿಂದ ಮೊದಲ ಕಡತಗಳನ್ನು ಓದಿಕೊಡುವ ಹೊಣೆ ಬಯಾಸ್‌ನದೇ. ಸಾಟಾ ಡಿಸ್ಕನ್ನು ಓದುವ ವಿದ್ಯೆ ಅದಕ್ಕೆ ಗೊತ್ತು, ಎನ್‌ವಿಎಂಇಯನ್ನು ಓದುವ ವಿದ್ಯೆಯನ್ನು ತಯಾರಕರು ಪ್ರತ್ಯೇಕವಾಗಿ ಸೇರಿಸಬೇಕು. ಎನ್‌ವಿಎಂಇಯ ಮೊದಲ ವಿವರಣೆ ಹೊರಬಂದದ್ದು 2011ರಲ್ಲಿ. ಎಚ್81 ಚಿಪ್‌ಸೆಟ್ ಬಂದ 2013ರ ವೇಳೆಗೂ ಮನೆಬಳಕೆಯ ಬೋರ್ಡುಗಳಲ್ಲಿ ಅದರಿಂದ ಬೂಟ್ ಮಾಡುವ ಅಗತ್ಯ ಯಾರಿಗೂ ಇರಲಿಲ್ಲ. ಸಾಮಾನ್ಯವಾಗಿ 2014ರ ಎಚ್97, ಝಡ್97 ಬೋರ್ಡುಗಳಿಂದ ಈಚೆಗೆ ಆ ಸೌಲಭ್ಯ ಕಾಣಿಸಿಕೊಂಡಿತು. ಹಾಗಾಗಿ ನೀವು ಕಾರ್ಡ್ ಹಾಕಿದಾಗ ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಎಸ್‌ಎಸ್‌ಡಿಯ ಹೆಸರು ಬರುವುದಿಲ್ಲ. ಕಾರ್ಡ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಕೊಡುವವರು ಬಹುಮಟ್ಟಿಗೆ ಈ ಹಂತದಲ್ಲೇ ಕೊಡುತ್ತಾರೆ.

ಆದರೆ ಹಾರ್ಡ್‌ಡಿಸ್ಕಿನಿಂದ ವಿಂಡೋಸ್ ಒಮ್ಮೆ ಎದ್ದ ಮೇಲೆ ಬಯಾಸ್‌ನ ಸಹಾಯ ಅದಕ್ಕೆ ಬೇಕಿಲ್ಲ. ವಿಂಡೋಸ್ 8.1ರಿಂದ ಈಚೆಗೆ ಎನ್‌ವಿಎಂಇ ಡ್ರೈವರ್ ವಿಂಡೋಸ್‌ನ ಒಳಗೇ ಇದೆ. ಅದು ಸ್ಲಾಟುಗಳನ್ನು ತಾನೇ ಹುಡುಕಿ ಎಸ್‌ಎಸ್‌ಡಿಯನ್ನು ಪತ್ತೆ ಮಾಡುತ್ತದೆ. ಎಂದರೆ ಕೆಲಸದ ಕಡತಗಳನ್ನಿಡುವ ಎರಡನೆಯ ಡಿಸ್ಕ್ ಆಗಿ ಅದು ಇಂದೇ ಪೂರ್ಣ ಪ್ರಮಾಣದಲ್ಲಿ ನಡೆಯುತ್ತದೆ.

ವಿಂಡೋಸನ್ನೇ ಅದರಲ್ಲಿಟ್ಟು ಬೂಟ್ ಮಾಡಬೇಕೆಂದರೆ ದಾರಿಗಳಿವೆ. ಬಯಾಸ್ ಕಡತವನ್ನು ಬಿಚ್ಚಿ ಎನ್‌ವಿಎಂಇ ಡ್ರೈವರನ್ನು ಸೇರಿಸಿ ಮತ್ತೆ ಚಿಪ್‌ಗೆ ಬರೆಯುವುದು ಒಂದು. ಮಾಡಿದವರು ಬಹಳ ಜನರಿದ್ದಾರೆ, ಕೆಲಸವೂ ಮಾಡುತ್ತದೆ. ಆದರೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಅಥವಾ ಕಡತ ಹೊಂದದಿದ್ದರೆ ಬೋರ್ಡ್ ಏಳುವುದಿಲ್ಲ, ಆಮೇಲೆ ಚಿಪ್ ಬರೆಯುವ ಪ್ರೋಗ್ರಾಮರ್ ಉಪಕರಣ ಇರುವವರನ್ನು ಹುಡುಕಬೇಕು. ಅಂಗಡಿಯ ಅನ್ನ ದುಡಿಯುವ ಯಂತ್ರದ ಮೇಲೆ ಈ ಪ್ರಯೋಗವನ್ನು ನಾನು ಸೂಚಿಸಲಾರೆ. ಇನ್ನೊಂದು ದಾರಿ ಪೆನ್‌ಡ್ರೈವಿನದು. ಕ್ಲೋವರ್ ಅಥವಾ ರೀಫೈಂಡ್ ಎಂಬ ಬೂಟ್ ಸಾಧನವನ್ನು ಎನ್‌ವಿಎಂಇ ಡ್ರೈವರಿನೊಂದಿಗೆ ಒಂದು ಸಣ್ಣ ಪೆನ್‌ಡ್ರೈವಿಗೆ ಹಾಕಿದರೆ, ಬಯಾಸ್ ಪೆನ್‌ಡ್ರೈವನ್ನು ಎಬ್ಬಿಸುತ್ತದೆ, ಅದು ಎಸ್‌ಎಸ್‌ಡಿಯಲ್ಲಿರುವ ವಿಂಡೋಸನ್ನು ಎಬ್ಬಿಸುತ್ತದೆ. ಬೋರ್ಡಿಗೆ ಅಪಾಯವಿಲ್ಲ. ಪೆನ್‌ಡ್ರೈವ್ ಸದಾ ಚುಚ್ಚಿಯೇ ಇರಬೇಕು, ಮತ್ತು ಎಸ್‌ಎಸ್‌ಡಿಯಲ್ಲಿ ಜಿಪಿಟಿ ಎಂಬ ಹೊಸ ಪದ್ಧತಿಯ ವಿಭಜನೆ ಮಾಡಿ ವಿಂಡೋಸನ್ನು ಯುಇಎಫ್‌ಐ ರೀತಿಯಲ್ಲಿ ಹಾಕಿರಬೇಕು. ನಿಮ್ಮದು ಲೆಗಸಿ ಆಗಿರುವುದರಿಂದ ಈಗಿರುವ ವಿಂಡೋಸನ್ನು ಹಾಗೆಯೇ ನಕಲು ಮಾಡಿದರೆ ಸಾಲದು.

ಕೆಲವರು ಬೂಟ್ ಭಾಗವನ್ನು ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಬಿಟ್ಟು ವಿಂಡೋಸನ್ನು ಮಾತ್ರ ಎನ್‌ವಿಎಂಇಗೆ ಸಾಗಿಸಿದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಲಿನಕ್ಸ್‌ನಲ್ಲಿ ಇದು ಸಲೀಸು. ನಮ್ಮ ಲ್ಯಾಬಿನ ಹಳೆಯ ಯಂತ್ರಗಳನ್ನು ಹಾಗೆಯೇ ನಡೆಸುತ್ತಿದ್ದೇವೆ: ಕರ್ನೆಲ್ ಇರುವ ಬೂಟ್ ವಿಭಾಗ ಸಾಟಾ ಡಿಸ್ಕಿನಲ್ಲಿ, ಉಳಿದದ್ದೆಲ್ಲ ಎನ್‌ವಿಎಂಇಯಲ್ಲಿ. ಕರ್ನೆಲ್ ಮೆಮೊರಿಗೆ ಬಂದ ಮೇಲೆ ತನ್ನದೇ ಡ್ರೈವರಿನಿಂದ ಎನ್‌ವಿಎಂಇಯನ್ನು ಓದಿಕೊಳ್ಳುತ್ತದೆ, 2012ರ 3.3 ಆವೃತ್ತಿಯಿಂದ ಆ ಡ್ರೈವರ್ ಅದರಲ್ಲಿದೆ. ವಿಂಡೋಸ್‌ನಲ್ಲಿ ಇದು ನಡೆಯುವುದಿಲ್ಲ. ಅದರ ಬೂಟ್ ಮ್ಯಾನೇಜರ್, ಕರ್ನೆಲ್ಲನ್ನೂ ಆರಂಭದ ಡ್ರೈವರುಗಳನ್ನೂ ವಿಂಡೋಸ್ ಇರುವ ಡಿಸ್ಕಿನಿಂದ ಬಯಾಸ್ ಮೂಲಕವೇ ಓದಿಸಿಕೊಳ್ಳುತ್ತದೆ, ಆ ಹೊತ್ತಿಗೆ ಬಯಾಸ್‌ಗೆ ಎನ್‌ವಿಎಂಇ ಕಾಣುತ್ತಿರುವುದಿಲ್ಲ. ಇಡೀ ಗೊಂದಲದ ಬೇರು ಇದು.

ಶಿರಾ ಗೇಟ್

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕೈಗೆ ಬಂದ ಎಸ್‌ಎಸ್‌ಡಿಗೆ ಜಾಗ ಮಾಡುವ ಉತ್ಸಾಹದಲ್ಲಿ ಯಂತ್ರಕ್ಕೆ ನಿಜವಾಗಿ ಏನು ಬೇಕು ಎಂಬುದು ಹಿಂದೆ ಬೀಳಬಾರದು. ಹಾರ್ಡ್‌ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಹೋದಾಗ ಆಗುವ ವ್ಯತ್ಯಾಸ ಎಲ್ಲರ ಅನುಭವಕ್ಕೂ ಬರುತ್ತದೆ. ಸಾಟಾ ಎಸ್‌ಎಸ್‌ಡಿಯಿಂದ ಎನ್‌ವಿಎಂಇಗೆ ಹೋದಾಗ ಆಗುವ ವ್ಯತ್ಯಾಸವನ್ನು ಲಗ್ನಪತ್ರಿಕೆ ಮಾಡುವವರು ಗಡಿಯಾರ ಹಿಡಿದು ನೋಡಬೇಕಾಗುತ್ತದೆ. ಎಚ್81 ಚಿಪ್‌ಸೆಟ್‌ನ ನಾಲ್ಕು ಸಾಟಾ ಪೋರ್ಟುಗಳಲ್ಲಿ ಎರಡು 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. 240 ಅಥವಾ 256 ಜಿಬಿಯ ಸಾದಾ ಸಾಟಾ ಎಸ್‌ಎಸ್‌ಡಿ ತಂದು 6 ಗಿಗಾಬಿಟ್ ಪೋರ್ಟಿಗೆ ಜೋಡಿಸಿದರೆ ಬಯಾಸ್‌ನ ತಕರಾರೇ ಇಲ್ಲ, ಪೆನ್‌ಡ್ರೈವಿನ ಕಸರತ್ತೂ ಇಲ್ಲ.

ಫೋಟೋಶಾಪ್‌ನಲ್ಲಿ ದೊಡ್ಡ ಪುಟ ತೆರೆದಾಗ ಡಿಸ್ಕಿನ ದೀಪ ಆರದಿರಲು ಅರ್ಧ ಕಾರಣ 8 ಜಿಬಿ ರ‍್ಯಾಮ್ ಸಾಲದಿರುವುದು. ರ‍್ಯಾಮ್ ತುಂಬಿದ ಮೇಲೆ ಫೋಟೋಶಾಪ್ ಡಿಸ್ಕಿನ ಮೇಲೆ ಸ್ಕ್ರ್ಯಾಚ್ ಜಾಗ ಮಾಡಿಕೊಂಡು ಅಲ್ಲಿಗೆ ಬರೆಯುತ್ತ ಹೋಗುತ್ತದೆ. ನಿಮ್ಮ ಬೋರ್ಡಿನಲ್ಲಿ ಎರಡು ರ‍್ಯಾಮ್ ಸ್ಲಾಟ್ ಇರುತ್ತವೆ, ಒಟ್ಟು 16 ಜಿಬಿ ಹಾಕಬಹುದು. ಕೇಳುವಾಗ ಡಿಡಿಆರ್3 ಎಂದು ಸ್ಪಷ್ಟವಾಗಿ ಕೇಳಿ, ಈಗ ಅಂಗಡಿಯಲ್ಲಿ ಎದುರಿಗೆ ಸಿಗುವ ಡಿಡಿಆರ್4 ಇದರಲ್ಲಿ ಕೂರುವುದಿಲ್ಲ.

ಎನ್‌ವಿಎಂಇಯನ್ನು ವ್ಯರ್ಥ ಮಾಡಬಾರದೆಂದರೆ ಯುಎಸ್‌ಬಿ ಕೇಸಿನಲ್ಲಿ ಹಾಕಿ ಬ್ಯಾಕಪ್‌ಗೆ ಬಳಸಿ. ಆ ಕೇಸಿನಲ್ಲಿ ಮಾತ್ರ ಎನ್‌ವಿಎಂಇಯನ್ನು ಯುಎಸ್‌ಬಿಗೆ ಬದಲಿಸುವ ನಿಜವಾದ ಚಿಪ್ ಇರುತ್ತದೆ. ಎಚ್81ರಲ್ಲಿ ಯುಎಸ್‌ಬಿ 3.0 ಪೋರ್ಟ್ ಎರಡೇ, ಸಾಮಾನ್ಯವಾಗಿ ನೀಲಿ ಬಣ್ಣದವು, ಅವುಗಳಿಗೇ ಚುಚ್ಚಬೇಕು. ಇನ್ನೊಂದು ಮಾತು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 4ನೇ ತಲೆಮಾರಿನ ಪ್ರೊಸೆಸರುಗಳಿಲ್ಲ. ಇಂಥ ಯಂತ್ರದ ಮೇಲೆ ಎಷ್ಟು ಖರ್ಚು ಮಾಡಬೇಕೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಟಾ ಎಸ್‌ಎಸ್‌ಡಿಯಾಗಲಿ ಯುಎಸ್‌ಬಿ ಕೇಸಾಗಲಿ ಮುಂದಿನ ಯಂತ್ರಕ್ಕೂ ಬರುತ್ತದೆ.

ಗುಬ್ಬಿ ಗೇಟ್ ಸರ್ವಿಸ್

ರ‍್ಯಾಮ್ ವಿಷಯದಲ್ಲಿ ಮತ್ತು ವಿಂಡೋಸನ್ನು ಸಾಟಾ ಎಸ್‌ಎಸ್‌ಡಿಯಲ್ಲಿ ಇಡುವ ವಿಷಯದಲ್ಲಿ ಶಿರಾ ಗೇಟಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಎನ್‌ವಿಎಂಇಯನ್ನು ಯುಎಸ್‌ಬಿ ಕೇಸಿಗೆ ಕಳುಹಿಸುವುದನ್ನು ಮಾತ್ರ ಒಪ್ಪಲಾರೆ. ಸ್ಕ್ರ್ಯಾಚ್ ಜಾಗಕ್ಕೆ ಬೇಕಾಗಿರುವುದು ಬೂಟ್ ಆಗುವ ಡಿಸ್ಕ್ ಅಲ್ಲ, ವೇಗವಾಗಿ ಬರೆದು ಓದುವ ಡಿಸ್ಕ್. ಈ ಬೋರ್ಡಿನಲ್ಲಿ ಎನ್‌ವಿಎಂಇಗೆ ಬರುವ ಮುಖ್ಯ ಕೊರತೆ ಬೂಟ್ ಆಗದಿರುವುದು, ಸ್ಕ್ರ್ಯಾಚ್ ಡಿಸ್ಕಿಗೆ ಆ ಕೊರತೆ ತಾಗುವುದೇ ಇಲ್ಲ. ಕಾರ್ಡಿನ ಬೆಲೆ ಒಳ್ಳೆಯ ಯುಎಸ್‌ಬಿ ಕೇಸಿಗಿಂತ ಕಡಿಮೆ. ಫೋಟೋಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ಸ್ ಎಂಬಲ್ಲಿ ಹೊಸ ಡ್ರೈವಿಗೆ ಗುರುತು ಹಾಕಿ, ಹಳೆಯದರ ಗುರುತು ತೆಗೆದರೆ ಮುಗಿಯಿತು. ನಡೆಯುತ್ತಿರುವ ಆಲ್ಬಂಗಳ ಫೋಟೋಗಳನ್ನೂ ಅಲ್ಲೇ ಇಡಿ.

ಕ್ಯಾಬಿನೆಟ್ ತೆಳ್ಳನೆಯ ಆಫೀಸ್ ಮಾದರಿಯದಾದರೆ ಕಾರ್ಡಿನ ಜೊತೆ ಗಿಡ್ಡ ಬ್ರಾಕೆಟ್ ಕೇಳಿ ಪಡೆಯಿರಿ. ಕೆಲವು ಬೋರ್ಡುಗಳು ಉದ್ದನೆಯ ಸ್ಲಾಟಿನಲ್ಲಿ ಏನಾದರೂ ಕಂಡರೆ ಅದನ್ನು ಗ್ರಾಫಿಕ್ಸ್ ಕಾರ್ಡ್ ಎಂದೇ ಭಾವಿಸಿ ಬೋರ್ಡಿನ ಡಿಸ್‌ಪ್ಲೇಯನ್ನು ನಿಲ್ಲಿಸುವುದುಂಟು. ಕಾರ್ಡ್ ಹಾಕುವ ಮೊದಲೇ ಬಯಾಸ್‌ನಲ್ಲಿ ಮೊದಲ ಡಿಸ್‌ಪ್ಲೇಯನ್ನು ಆಟೋ ಬದಲಿಗೆ ಒಳಗಿನ ಗ್ರಾಫಿಕ್ಸ್‌ಗೆ ಬದಲಿಸಿಟ್ಟರೆ ಆ ಕಿರಿಕಿರಿ ತಪ್ಪುತ್ತದೆ. ಬೇಸಿಗೆಯಲ್ಲಿ ಎನ್‌ವಿಎಂಇ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳಬಹುದು, ಆದ್ದರಿಂದ ಥರ್ಮಲ್ ಪ್ಯಾಡ್ ಮತ್ತು ಅಲ್ಯೂಮಿನಿಯಂ ತಗಡು ಇರುವ ಕಾರ್ಡನ್ನೇ ಆರಿಸಿ. ಮೇಲೆ ಫ್ಯಾನ್ ಬೇಡ, ಧೂಳು ಹಿಡಿದು ಸದ್ದು ಮಾಡುವುದಷ್ಟೇ ಅದರ ಲಾಭ.

ಪಾವಗಡ ಮೇಷ್ಟ್ರು

ಇದೇ ವಿಷಯಕ್ಕೆ ಹತ್ತಿರದ ಒಂದು ಸಂದೇಹ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ವೈಫೈ ಕಾರ್ಡಿನ ಪಕ್ಕದಲ್ಲಿ ಅದೇ ಆಕಾರದ ಇನ್ನೊಂದು ಸ್ಲಾಟ್ ಖಾಲಿ ಇದೆ. ಎಂಸಾಟಾ ಎಸ್‌ಎಸ್‌ಡಿ (ಎಂ.2ಗಿಂತ ಹಿಂದಿನ ಚಿಕ್ಕ ಸಾಟಾ ಪಟ್ಟಿ) ಅದರಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಬಯಾಸ್‌ನಲ್ಲಿ ಕಾಣುವುದಿಲ್ಲ. ಅಡಾಪ್ಟರ್ ಏನಾದರೂ ಇದೆಯೇ?

ತಿಪಟೂರು ಲ್ಯಾಬ್

ಮೇಷ್ಟ್ರೇ, ಎಂಸಾಟಾ ಮತ್ತು ಮಿನಿ ಪಿಸಿಐ ಎಕ್ಸ್‌ಪ್ರೆಸ್ ಎರಡಕ್ಕೂ ಒಂದೇ ಕನೆಕ್ಟರ್. ಕಚ್ಚಿನ ವ್ಯತ್ಯಾಸವೂ ಇಲ್ಲದಿರುವುದರಿಂದ ಕೂತ ಮಾತ್ರಕ್ಕೆ ನಡೆಯುತ್ತದೆ ಎನ್ನುವಂತಿಲ್ಲ. ಆ ಸ್ಲಾಟಿಗೆ ಬೋರ್ಡಿನಲ್ಲಿ ಸಾಟಾ ತಂತಿಗಳನ್ನು ಎಳೆದಿದ್ದರೆ ಮಾತ್ರ ಎಂಸಾಟಾ ಕಾಣುತ್ತದೆ. ಎಳೆಯದಿದ್ದರೆ ಯಾವ ಅಡಾಪ್ಟರೂ ಅದನ್ನು ಸೃಷ್ಟಿಸಲಾರದು. ಲ್ಯಾಪ್‌ಟಾಪಿನ ಸರ್ವಿಸ್ ಕೈಪಿಡಿಯಲ್ಲಿ ಆ ಸ್ಲಾಟಿನ ಹೆಸರು ನೋಡಿ. ಡಬ್ಲ್ಯುವ್ಯಾನ್ ಎಂದಷ್ಟೇ ಇದ್ದರೆ ಅದು ಸಿಮ್ ಮೋಡೆಮ್‌ಗಾಗಿ ಇಟ್ಟ ಜಾಗ. ಎಂಸಾಟಾವನ್ನು 2.5 ಅಂಗುಲದ ಸಾಟಾ ಕೇಸಿಗೆ ಹಾಕಿ ಹಾರ್ಡ್‌ಡಿಸ್ಕಿನ ಜಾಗದಲ್ಲಿ ಇಡಬಹುದು, ಅಥವಾ ಡಿವಿಡಿ ಡ್ರೈವ್ ತೆಗೆದು ಅಲ್ಲಿಗೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಬಹುದು. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ಎಂಬ ಎರಡು ದಪ್ಪದಲ್ಲಿ ಬರುತ್ತದೆ, ಅಳೆದು ತನ್ನಿ.

ಬಿ.ಎಚ್. ರಸ್ತೆ ಡಿಟಿಪಿ

ಎಲ್ಲರ ಸಲಹೆಯನ್ನೂ ಓದಿ, ಕಾರ್ಡ್ ತರಿಸಿ ಉದ್ದನೆಯ ಸ್ಲಾಟಿಗೆ ಹಾಕಿದ್ದೇನೆ. ಸಾಟಾ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಅನ್ನು ಮುಂದಿನ ತಿಂಗಳು ತೆಗೆದುಕೊಳ್ಳುವ ಯೋಚನೆಯಿದೆ. ಹೇಳಿದಂತೆಯೇ ಬಯಾಸ್‌ನಲ್ಲಿ ಹೆಸರು ಬರಲಿಲ್ಲ, ವಿಂಡೋಸ್‌ನಲ್ಲಿ ಬಂತು. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ವರ್ಗಾವಣೆಯ ರೀತಿ ಎಂಬಲ್ಲಿ ಪಿಸಿಐಇ 2.0 ×4 ಎಂದೂ ಅದರ ಪಕ್ಕದಲ್ಲಿ 3.0 ×4 ಎಂದೂ ತೋರಿಸುತ್ತಿದೆ. ಇದು ಸರಿಯೇ? ಡ್ರೈವ್ ತೆರೆಯಲು ಹೋದರೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಕೇಳುತ್ತಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಳಿಸಲು ನೋಡಿದರೆ ಒಂದು ಸಣ್ಣ ವಿಭಾಗದ ಮೇಲೆ ಅಳಿಸುವ ಆಯ್ಕೆಯೇ ಬರುವುದಿಲ್ಲ. ಅದರಲ್ಲಿರುವ ಯಾವ ಕಡತವೂ ಬೇಡ ಎಂದು ಹುಡುಗ ಹೇಳಿದ್ದಾನೆ.

ಗುಬ್ಬಿ ಗೇಟ್ ಸರ್ವಿಸ್

ಮೊದಲನೆಯದು ಈಗ ನಡೆಯುತ್ತಿರುವ ಸಂಪರ್ಕ, ಎರಡನೆಯದು ಎಸ್‌ಎಸ್‌ಡಿಯ ಸಾಮರ್ಥ್ಯ. ನಾಲ್ಕೂ ಲೇನ್‌ಗಳು ಸಿಕ್ಕಿವೆ, ಸರಿಯಾಗಿದೆ. ಮೊದಲ ಅಂಕಿಯಲ್ಲಿ ×1 ಅಥವಾ ×2 ಎಂದು ಬಂದಿದ್ದರೆ ಕಾರ್ಡನ್ನು ತೆಗೆದು ಇನ್ನೊಮ್ಮೆ ಗಟ್ಟಿಯಾಗಿ ಕೂರಿಸಿ ಎನ್ನುತ್ತಿದ್ದೆ.

ಅಳಿಯದಿರುವ ಸಣ್ಣ ವಿಭಾಗ ಆ ಲ್ಯಾಪ್‌ಟಾಪಿನ ಹಳೆಯ ಬೂಟ್ ವಿಭಾಗ. ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಮುಟ್ಟಲು ಬಿಡುವುದಿಲ್ಲ, ಆದೇಶಗಳನ್ನು ಟೈಪ್ ಮಾಡಿ ನಡೆಸುವ ವಿಂಡೋಸ್‌ನದೇ ಡಿಸ್ಕ್‌ಪಾರ್ಟ್ ಬಳಸಬೇಕು. ಲಿಸ್ಟ್ ಡಿಸ್ಕ್ ಕೊಟ್ಟು, ಸೆಲೆಕ್ಟ್ ಡಿಸ್ಕ್ ಎಂದು ಅದರ ಸಂಖ್ಯೆ ಕೊಟ್ಟು, ಕ್ಲೀನ್ ಎಂದರೆ ಬಿಟ್‌ಲಾಕರ್ ಸಮೇತ ಎಲ್ಲ ವಿಭಾಗಗಳೂ ಹೋಗುತ್ತವೆ. ಆದರೆ ನಿಮ್ಮ ಯಂತ್ರದಲ್ಲಿ ಒಂದು ತೊಡಕಿದೆ: ಹಳೆಯ ಹಾರ್ಡ್‌ಡಿಸ್ಕೂ 500 ಜಿಬಿ, ಎಸ್‌ಎಸ್‌ಡಿಯೂ 500 ಜಿಬಿ, ಪಟ್ಟಿಯಲ್ಲಿ ಎರಡೂ 465 ಜಿಬಿ ಎಂದೇ ಕಾಣುತ್ತವೆ. ಗಾತ್ರ ನೋಡಿ ಆರಿಸಬೇಡಿ. ಸೆಲೆಕ್ಟ್ ಕೊಟ್ಟ ಮೇಲೆ, ಕ್ಲೀನ್ ಕೊಡುವ ಮೊದಲು, ಡೀಟೇಲ್ ಡಿಸ್ಕ್ ಎಂದು ಟೈಪ್ ಮಾಡಿ. ಮಾದರಿಯ ಹೆಸರು ಬರುತ್ತದೆ, ಅದರ ಕೆಳಗೆ ಟೈಪ್ ಎಂಬ ಸಾಲಿನಲ್ಲಿ ಎನ್‌ವಿಎಂಇ ಎಂದಿರಬೇಕು. ಸಾಟಾ ಎಂದು ಬಂದರೆ ಅದು ನಿಮ್ಮ ವಿಂಡೋಸ್ ಮತ್ತು ಗಿರಾಕಿಗಳ ಕೆಲಸ ಇರುವ ಡಿಸ್ಕ್. ಅದಕ್ಕೂ ಮೊದಲು ಇವತ್ತಿನ ಕೆಲಸಗಳನ್ನು ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿಕೊಳ್ಳಿ. ಕ್ಲೀನ್ ಆದ ನಂತರ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಯಾವ ರೀತಿ ಬೇಕೆಂದು ಅದೇ ಕೇಳುತ್ತದೆ. ಜಿಪಿಟಿ ಆರಿಸಿ, ಒಂದೇ ವಿಭಾಗ ಮಾಡಿ, ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿ.